ಕಳೆಗೆ ಬೆಲೆ ಕಟ್ಟುವವರು ಯಾರು?

ಲಂಟಾನ ಅಂದರೆ ಹರವೆ ಸೀಮೆಯ ರೈತ ಮೂಗು ಮುರಿಯುತ್ತಾನೆ. ದನ ಮೂಸುವುದಿಲ್ಲ, ಹಸಿದು ತಿಂದರೆ ಕಾಯಿಲೆ ಗ್ಯಾರಂಟಿ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ತರಿಸಿದ ಅಮೆರಿಕ ಖಂಡದ ಗಿಡ ಇದು. ದೊರೆಗಳು ಹೋದರು, ಗಿಡ ಉಳಿಯಿತು. ಬಂಡೀಪುರ, ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಹುಲ್ಲಿಗೂ ಜಾಗವಿಲ್ಲದಂತೆ ಹಬ್ಬಿ ಕೂತಿದೆ. ಆನೆ ಕಾಡು ಬಿಟ್ಟು ಬಾಳೆತೋಟಕ್ಕೆ ನುಗ್ಗಲು ಇದೂ ಒಂದು ಕಾರಣ.

ಆದರೆ ಇದೇ ಕಳೆಯಲ್ಲಿ ಅನ್ನ ಕಂಡವರು ಇದೇ ಜಿಲ್ಲೆಯಲ್ಲಿದ್ದಾರೆ. ಮಹದೇಶ್ವರ ಬೆಟ್ಟದ ಸೋಲಿಗರು, ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯ ನೆರವಿನಿಂದ, 2004ರಿಂದ ಲಂಟಾನ ಕಡ್ಡಿಯಲ್ಲಿ ಕುರ್ಚಿ, ಮೇಜು, ಬುಟ್ಟಿ ಕಟ್ಟುತ್ತ ಬಂದರು. ಕಡ್ಡಿಯನ್ನು ನೀರಲ್ಲಿ ಕುದಿಸಬೇಕು, ಬಿಸಿಯಿರುವಾಗಲೇ ತೊಗಟೆ ಸುಲಿಯಬೇಕು, ಮೆತ್ತಗಿರುವಾಗಲೇ ಬಗ್ಗಿಸಬೇಕು. ಬೆತ್ತದಷ್ಟೇ ಗಟ್ಟಿ, ಗೆದ್ದಲು ಹತ್ತಿರ ಸುಳಿಯದು.

ಬಂಡೀಪುರ ದಾಟಿ ಗೂಡಲೂರಿಗೆ ಹೋದರೆ ಕಥೆ ಇನ್ನೂ ದೊಡ್ಡದು. ಅಲ್ಲಿನ ಬೆಟ್ಟ ಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಜನ ಕಬ್ಬಿಣದ ಚೌಕಟ್ಟಿಗೆ ಲಂಟಾನ ಸುತ್ತಿ ಜೀವಂತ ಆನೆಯಷ್ಟೇ ಎತ್ತರದ ಆನೆ ಕಟ್ಟಿದರು. ಅವರು ದಿನಾ ಕಾಣುವ ಆನೆಗಳದೇ ಮೈಕಟ್ಟು! ಆ ಆನೆಗಳು 2021ರಲ್ಲಿ ಲಂಡನ್ ಪಾರ್ಕುಗಳಲ್ಲಿ, 2024ರಲ್ಲಿ ನ್ಯೂಯಾರ್ಕ್ ಬೀದಿಯಲ್ಲಿ ನಿಂತವು. ಕಾಡಿನವರಿಗೆ ಕೂಲಿ ಸಿಕ್ಕಿತು.

ಲಂಡನ್ನಿನವರು ನೋಡಿದ್ದನ್ನು ಗುಂಡ್ಲುಪೇಟೆಯವರು ನೋಡುವುದು ಯಾವಾಗ? ಊಟಿ, ವಯನಾಡಿಗೆ ಹೋಗುವ ಬಹಳಷ್ಟು ಕಾರುಗಳು ಗುಂಡ್ಲುಪೇಟೆ ಮೇಲೇ ಹೋಗುತ್ತವೆ. ಚೆಂಡು ಹೂವಿನ ಹೊಲ ಕಂಡರೆ ಸಾಕು, ಫೋಟೋಗೆ ಗಾಡಿ ನಿಲ್ಲಿಸುವ ಜನ. ಅವರ ಕಣ್ಣಿಗೆ ಬೀಳುವಂತೆ ಲಂಟಾನ ಸಾಮಾನಿನ ಒಂದು ಮಳಿಗೆ ಇಡುವುದು ಕಷ್ಟವೇ? ಹರವೆಯಂಥ ಹೋಬಳಿ ಕೇಂದ್ರದ ಪಂಚಾಯಿತಿಗಳು ಕಸದ ಬುಟ್ಟಿಗೆ, ಅಂಗನವಾಡಿ ಕುರ್ಚಿಗೆ ಪ್ಲಾಸ್ಟಿಕ್ ಬದಲು ಇದನ್ನೇ ಕೊಂಡರೆ ಗಂಟೇನು ಹೋಗುತ್ತದೆ?

‘ಕಳೆ ಕಡ್ಡಿಗೆ ಕಾಸು ಕೊಡೋರ್ಯಾರು ಬುಡಿ’ ಎಂದು ಅಂಗಡಿಯವರು ನಗಬಹುದು. ಕಡ್ಡಿ ಬಿಟ್ಟಿ, ಕೆಲಸ ಬಿಟ್ಟಿಯಲ್ಲ. ಕುದಿಸಿ, ಸುಲಿದು, ಹೆಣೆಯುವ ಕೈಗೆ ದಿನಗೂಲಿ ಬೀಳಬೇಕಾದರೆ ಪ್ಲಾಸ್ಟಿಕ್ ಬುಟ್ಟಿಗಿಂತ ಬೆಲೆ ಹೆಚ್ಚೇ ಆಗುತ್ತದೆ. ಗಿರಾಕಿ ಇಲ್ಲದಿದ್ದರೆ ಆ ಕೈ ಕೂಲಿಗೆಂದು ಕೇರಳದ ಬಸ್ಸು ಹತ್ತುತ್ತದೆ.

ಕುರ್ಚಿ ಹೆಣೆದ ಮಾತ್ರಕ್ಕೆ ಕಾಡು ಸ್ವಚ್ಛವಾಗುತ್ತದೆ ಅನ್ನುವುದೂ ಭ್ರಮೆ. ಮೇಲೆ ಕಡಿದರೆ ಬುಡ ಮತ್ತೆ ಚಿಗುರುತ್ತದೆ. ಬೇರುಸಹಿತ ಕೀಳಿಸುವುದು ಅರಣ್ಯ ಇಲಾಖೆಯ ಕೆಲಸ. ಕಿತ್ತ ಕಡ್ಡಿಯನ್ನು ಸುಡುವ ಬದಲು ಕಸುಬು ಬಲ್ಲವರಿಗೆ ಕೊಡಲಿ. ಪಂಚಾಯಿತಿ ಆರ್ಡರು ಕೊಡಲಿ, ಅಂಗಡಿಯವರು ಒಂದು ಮೂಲೆ ಬಿಟ್ಟುಕೊಡಲಿ.

ಗಿಡ ತಂದ ದೊರೆಗಳ ಊರಲ್ಲೇ ಅದಕ್ಕೆ ಬೆಲೆ ಬಂತು. ಅದು ಬೆಳೆದ ಊರಲ್ಲಿ ಬರುವುದು ಯಾವಾಗ? ಸಂಬಂಧಪಟ್ಟವರು ಗಮನಿಸುವರೇ?