ತೋಳಿಗೆ ಎಷ್ಟು ತೂಕ?

ಏಳನೇ ತರಗತಿಯ ನನ್ನ ಮೊಮ್ಮಗನಿಗೆ ಈಗ ತೋಳಿನದೇ ಧ್ಯಾನ. ‘ತಾತ, 10 ಕೆಜಿ ಡಂಬೆಲ್ ತರಿಸಿಕೊಡು’ ಎಂದು ಬೆನ್ನು ಬಿದ್ದಿದ್ದಾನೆ. ಅವನ ಅಜ್ಜಿಯ ಚಿಂತೆ ಬೇರೆ. ಕೈಯೂರಿ ಕುರ್ಚಿಯಿಂದ ಏಳುವಾಗ ಅವಳ ತೋಳು ನಡುಗುತ್ತದೆ. ಇಬ್ಬರಿಗೂ ಒದಗುವಂಥದ್ದು ಏನು ಕೊಳ್ಳಬೇಕು? ನಾನು ಹಾಕಿದ ಲೆಕ್ಕ ನಿಮ್ಮ ಮನೆಗೂ ಉಪಯೋಗಕ್ಕೆ ಬಂದೀತು.

ಮೊದಲು ತೋಳನ್ನು ನೋಡೋಣ. ಮಕ್ಕಳೇ, ಬಲಗೈ ಮಡಚಿ ಬಿಗಿ ಮಾಡಿ, ಎಡಗೈಯಿಂದ ಮುಟ್ಟಿ. ಮುಂದೆ ಉಬ್ಬಿದ್ದು ಬೈಸೆಪ್ಸ್. ಕೈ ಮಡಚುವುದು ಅದರ ಕೆಲಸ. ಈಗ ಅಂಗೈಯಿಂದ ಮೇಜನ್ನು ಕೆಳಕ್ಕೆ ಒತ್ತಿ. ತೋಳಿನ ಹಿಂಬದಿ ಗಟ್ಟಿಯಾಯಿತಲ್ಲವೇ? ಅದು ಟ್ರೈಸೆಪ್ಸ್, ಮಡಚಿದ ಕೈಯನ್ನು ಚಾಚಿಸುವುದು ಅದು. ಸ್ನಾಯುವಿಗೆ ಎಳೆಯಲು ಮಾತ್ರ ಗೊತ್ತು, ತಳ್ಳಲು ಗೊತ್ತಿಲ್ಲ. ಅದಕ್ಕೇ ಈ ಜೋಡಿ. ಕನ್ನಡಿಯ ಮುಂದೆ ಮೆರೆಯುವುದು ಬೈಸೆಪ್ಸ್ ಆದರೂ ಗಾತ್ರದಲ್ಲಿ ದೊಡ್ಡದು ಹಿಂದಿನದೇ. ಕುರ್ಚಿಯಿಂದ ಏಳಲು ಅಜ್ಜಿಗೆ ಬೇಕಾದದ್ದೂ ಅದೇ. ಹಾಗಾಗಿ ಎರಡಕ್ಕೂ ಕೆಲಸ ಕೊಡುವ ಸಾಧನವನ್ನೇ ಆರಿಸಬೇಕು.

ಕಾಸಿಲ್ಲದ ಸಾಧನದಿಂದ ಶುರು ಮಾಡಿ. 1 ಲೀಟರ್ ನೀರಿನ ತೂಕ 1 ಕೆಜಿ, ಬಾಟಲಿಯೇ ಡಂಬೆಲ್. ಟ್ರೈಸೆಪ್ಸ್‌ಗೆ ಗೋಡೆ ಇದೆ. ಒಂದು ತೋಳಿನಷ್ಟು ದೂರ ನಿಂತು, ಅಂಗೈ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ಮತ್ತೆ ಹಿಂದಕ್ಕೆ ತಳ್ಳಿ. ಗದೆ ತಿರುಗಿಸುವ ಗರಡಿಮನೆಯ ಪೈಲ್ವಾನರೂ ದಂಡ ಹೊಡೆದೇ ತೋಳು ಕಟ್ಟುತ್ತಾರೆ. ದಂಡಕ್ಕೆ ಬೇಕಾದದ್ದು ನೆಲ ಮಾತ್ರ.

ಕೊಳ್ಳುವುದಾದರೆ ಮೊದಲು ರೆಸಿಸ್ಟೆನ್ಸ್ ಬ್ಯಾಂಡ್ ಎಂಬ ರಬ್ಬರ್ ಪಟ್ಟಿ. ಪಾದದಡಿ ಒತ್ತಿ ಹಿಡಿದು ಮೇಲಕ್ಕೆ ಎಳೆದರೆ ಬೈಸೆಪ್ಸ್‌ಗೆ ಕೆಲಸ. ಬೆನ್ನ ಹಿಂದಿನಿಂದ ತಂದು ಮುಂದಕ್ಕೆ ತಳ್ಳಿದರೆ ಟ್ರೈಸೆಪ್ಸ್‌ಗೆ. ಕಾಲ ಮೇಲೆ ಬೀಳುವ ಭಯವಿಲ್ಲ. ಬಿರುಕು ಬಿಟ್ಟಿದೆಯೇ ಎಂದು ಮಾತ್ರ ಪ್ರತಿಸಲ ನೋಡಿ.

ಆಮೇಲೆ ಡಂಬೆಲ್. ಬಿಲ್ಲೆಗಳನ್ನು ಹಾಕಿ ತೆಗೆಯುವಂಥದ್ದಾದರೆ ಒಂದೇ ಜೋಡಿ ಮನೆಮಂದಿಗೆಲ್ಲ ಸಾಕು. ಎತ್ತುವ ಮೊದಲು ತಿರುಪು ಬಿಗಿಯಾಗಿದೆಯೇ ನೋಡಿಕೊಳ್ಳಿ. ತೂಕ ಎಷ್ಟಿರಬೇಕು? ಬೆನ್ನು ಬಾಗದೆ, ಕೈ ಬೀಸದೆ, ನಿಧಾನವಾಗಿ 10ರಿಂದ 15 ಸಲ ಎತ್ತಿ ಇಳಿಸಲು ಬರಬೇಕು. ಕೊನೆಯ ಎರಡು ಸಲ ಸ್ವಲ್ಪ ಕಷ್ಟವೆನಿಸಿದರೆ ಅದೇ ನಿಮ್ಮ ತೂಕ. ಐದನೆಯದಕ್ಕೇ ಕೈ ಸೋತರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ದೊಡ್ಡ ಮಲ್ಟಿಜಿಮ್ ಯಂತ್ರಕ್ಕೆ ಆತುರ ಬೇಡ. ಎಷ್ಟೋ ಮನೆಗಳಲ್ಲಿ ಅದರ ಮೇಲೆ ಬಟ್ಟೆ ಒಣಗುತ್ತಿರುತ್ತದೆ.

ಮಕ್ಕಳೇ, ಚಿಕ್ಕ ವಯಸ್ಸಿನಲ್ಲಿ ಬಲ ಹೆಚ್ಚುವುದು ಮುಖ್ಯವಾಗಿ ನರಗಳು ಪಳಗುವುದರಿಂದ. ತೋಳು ಉಬ್ಬಲಿಲ್ಲವೆಂದು ಬೇಸರ ಬೇಡ. ದೊಡ್ಡವರು ಹತ್ತಿರವಿಲ್ಲದೆ ತೂಕ ಎತ್ತುವುದೂ ಬೇಡ. ಹಿರಿಯರೇ, ಎತ್ತುವಾಗ ಉಸಿರು ಕಟ್ಟಬೇಡಿ, ರಕ್ತದೊತ್ತಡ ಏರುತ್ತದೆ. ಬಿಪಿ, ಕೀಲುನೋವು ಇದ್ದರೆ ಮೊದಲು ವೈದ್ಯರನ್ನು ಕೇಳಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ 5ರಿಂದ 17 ವರ್ಷದವರು ವಾರಕ್ಕೆ 3 ದಿನವಾದರೂ, ದೊಡ್ಡವರು 2 ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು. ಈ ವಾರ ಅಜ್ಜಿಯೋ ತಾತನೋ ಜೊತೆಗಿರಲಿ. ಗೋಡೆಯನ್ನು ಯಾರು ಎಷ್ಟು ಸಲ ತಳ್ಳಿದರೆಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ತಿಂಗಳು ಆ ಲೆಕ್ಕ ತಪ್ಪದೆ ನಡೆದರೆ, ಆಗ ಅಂಗಡಿಗೆ ಹೋಗಿ.