ಅರ್ಜಿ ಹಾಕೋಕೂ ಮಾರ್ಕ್ಸ್ ಬೇಕಾ?

2021ರಲ್ಲಿ ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಕೊರೊನಾ. ಆದರೂ 2,239 ಮಕ್ಕಳಿಗೆ 600ಕ್ಕೆ 600 ಬಂತು! ಎಸ್ಸೆಸ್ಸೆಲ್ಸಿ ಅಂಕ, ಫಸ್ಟ್ ಪಿಯು ಅಂಕ, ಮೇಲೊಂದಿಷ್ಟು ಇಂಟರ್ನಲ್ಸು, ಎಲ್ಲ ಕಲಸಿ ಮಾಡಿದ ಚಿತ್ರಾನ್ನ ಅದು. ಮಕ್ಕಳ ತಪ್ಪೇನೂ ಇಲ್ಲ ಬಿಡಿ. ಮರುವರ್ಷ ಅದೇ ಬ್ಯಾಚಿನ ಕೆಲವರು ಮತ್ತೆ ಸಿಇಟಿ ಬರೆದಾಗ ‘ನಿಮ್ಮ ಪಿಯು ಅಂಕ ಲೆಕ್ಕಕ್ಕಿಲ್ಲ’ ಅಂತ ಪರೀಕ್ಷಾ ಪ್ರಾಧಿಕಾರ ಹೇಳಿತು. ಹುಡುಗರು ಹೈಕೋರ್ಟಿಗೆ ಹೋದರು. ಕೊನೆಗೆ ಅವರ ಪಿಯು ಅಂಕದಲ್ಲಿ ಒಂದಿಷ್ಟು ಕಳೆದು, ಒಂದು ರಾಜಿ ಸೂತ್ರ ಮಾಡಿ ರ‍್ಯಾಂಕ್ ಕೊಟ್ಟರು. 2024ರ ಸಿಇಟಿಯಲ್ಲಿ ಸಿಲಬಸ್ಸಿನಾಚೆಯ ಪ್ರಶ್ನೆಗಳು ಬಂದವು ಅಂತ ಗಲಾಟೆಯಾಗಿ 50 ಪ್ರಶ್ನೆ ಕೈಬಿಟ್ಟರು. ಅದೇ ವರ್ಷ ನೀಟ್‌ನಲ್ಲಿ ಮೊದಲು 67 ಮಂದಿಗೆ 720ಕ್ಕೆ 720. ಪರಿಷ್ಕರಿಸಿದ ಮೇಲೆ ಉಳಿದವರು 17.

ಅಂದರೆ ಅಂಕ ಅನ್ನೋದು ಕೂಡಬಹುದಾದ, ಕಳೆಯಬಹುದಾದ, ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಬಹುದಾದ ವಸ್ತು. ನಮ್ಮೂರ ಕಡೆ ಮಾತ್ರ ಇನ್ನೂ ಅದನ್ನು ಹಣೆಬರಹ ಅಂತಲೇ ಓದುತ್ತಾರೆ.

ನಮ್ಮೂರು ಚನ್ನಗಿರಿ ತಾಲ್ಲೂಕು, ಸೂಳೆಕೆರೆ ಪಕ್ಕ. ಅಲ್ಲಿ ನಮ್ಮ ಮನೆ ಎದುರಿಗಿನ ಹುಡುಗಿ ಸೆಕೆಂಡ್ ಪಿಯು ಆರ್ಟ್ಸ್ ಓದುತ್ತಿದ್ದಾಳೆ. ಫಸ್ಟ್ ಪಿಯುನಲ್ಲಿ 71 ಪರ್ಸೆಂಟ್. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಅರ್ಜಿ ಹಾಕ್ತೀನಿ ಅಂದಳು. ಅಷ್ಟಕ್ಕೇ ಮನೇಲಿ ಪಂಚಾಯಿತಿ ಸೇರಿತು. ‘ಎಪ್ಪತ್ತೊಂದು ಇಟ್ಕೊಂಡು ಅಲ್ಲಿಗೆ ಹೊಂಟಾಳಂತೆ, ಅದು ನಮ್ಮಂಥೋರಿಗಲ್ಲಮ್ಮ’ ಅಂದರು ಸೋದರಮಾವ. ಪಾಠ ಹೇಳುವ ಮೇಷ್ಟ್ರೊಬ್ಬರು ‘ಸುಮ್ನೆ ದುಡ್ಡು ದಂಡ’ ಅಂದರು. ಇವರಲ್ಲಿ ಒಬ್ಬರೂ ಆ ಕಾಲೇಜಿನ ನಿಯಮ ಏನು ಅಂತ ನೋಡಿರಲಿಲ್ಲ.

ನಿಯಮ ಹೀಗಿದೆ. ಅಲ್ಲಿ ಐದು ವರ್ಷದ ಲಾ ಡಿಗ್ರಿಗೆ ಸೇರೋಕೆ ಕ್ಲಾಟ್ ಪರೀಕ್ಷೆ ಬರೀಬೇಕು. ಕ್ಲಾಟ್ ಬರೆಯೋಕೆ ಪಿಯುಸಿಯಲ್ಲಿ 45 ಪರ್ಸೆಂಟ್ ಸಾಕು. ಎಸ್‌ಸಿ, ಎಸ್‌ಟಿ ಮಕ್ಕಳಿಗೆ 40. ಅದು ದಾಟಿದರೆ ಪಿಯು ಅಂಕದ ಕೆಲಸ ಮುಗೀತು, 46 ಇದ್ದವರೂ 96 ಇದ್ದವರೂ ಒಂದೇ ಸಾಲಿನಲ್ಲಿ. ಮೇಲಾಗಿ, ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಅಲ್ಲಿ ಶೇ 25ರಷ್ಟು ಸೀಟು ಮೀಸಲು. ದೇಶದಲ್ಲೇ ಕಷ್ಟದ ಬಾಗಿಲು ಅಂತ ಹೆಸರಾದ ಕಾಲೇಜು ಎಪ್ಪತ್ತೊಂದಕ್ಕೆ ‘ಬಾ, ಪರೀಕ್ಷೆ ಬರಿ’ ಅನ್ನುತ್ತೆ. ಬೇಡ ಅಂದಿದ್ದು ನಮ್ಮ ಜಗಲಿ.

ನನಗೆ ಸಿಟ್ಟಿರೋದು ಇದಕ್ಕೇ. ಕಾಲೇಜು ತಿರಸ್ಕರಿಸಿದರೆ ಅದಕ್ಕೊಂದು ಕಾಗದ ಇರುತ್ತೆ, ರ‍್ಯಾಂಕ್ ಇರುತ್ತೆ, ಮುಂದಿನ ವರ್ಷ ಮತ್ತೆ ಬರೆಯೋಕೆ ಅವಕಾಶ ಇರುತ್ತೆ. ಊರು ತಿರಸ್ಕರಿಸಿದರೆ ಯಾವ ದಾಖಲೆಯೂ ಇಲ್ಲ. ಚನ್ನಗಿರಿ, ಹೊನ್ನಾಳಿ, ಜಗಳೂರಿನಿಂದ ಹೀಗೆ ಹಾಕದೇ ಉಳಿದ ಅರ್ಜಿಗಳೆಷ್ಟು ಅಂತ ಯಾರೂ ಎಣಿಸೋದಿಲ್ಲ. ಆಮೇಲೆ ನಾವೇ ಕೂತು, ‘ನಮ್ಮ ಕಡೆ ಮಕ್ಕಳು ಅಂಥ ಕಡೆ ಹೋಗೋದೇ ಇಲ್ಲ’ ಅಂತ ಕೊರಗೋದು.

ಹಾಗಾದರೆ ಆ 71 ಏನನ್ನು ಅಳೆಯಿತು? ನಮ್ಮ ಕೆರೆಯನ್ನೇ ತಗೊಳ್ಳಿ. ‘ಏಷ್ಯಾದ ಎರಡನೇ ಅತಿ ದೊಡ್ಡ ಕೆರೆ ಯಾವುದು?’ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದ ಬೆಂಗಳೂರಿನ ಹುಡುಗನೂ ಸೂಳೆಕೆರೆ ಅಂತ ಬರೆದು ಒಂದು ಅಂಕ ತಗೋತಾನೆ. ಕೆರೆಯಲ್ಲಿ ಹೂಳು ಎಷ್ಟು ತುಂಬಿದೆ, ಸಿದ್ದನ ನಾಲೆಯ ಕೊನೇ ಗದ್ದೆಗೆ ನೀರು ಯಾಕೆ ಬರಲ್ಲ, ಇಲ್ಲಿಂದ ಚಿತ್ರದುರ್ಗಕ್ಕೆ ಕುಡಿಯೋ ನೀರು ಹೋಗುವಾಗ ದಂಡೆ ಮೇಲಿನವರು ಏನಂತಾರೆ, ಇವೆಲ್ಲ ಆ ಹುಡುಗಿಗೆ ಗೊತ್ತು. ಅಂಕ ಸೊನ್ನೆ. ಅಜ್ಜನ ಜೊತೆ ತಾಲ್ಲೂಕು ಆಫೀಸಿಗೆ ಅಲೆದು ಅಲೆದು ಪಹಣಿ ಓದೋದು ಕಲಿತವಳು ಅವಳು. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ಕೂತಿದೆ ಅಂತ ಕೇರಿಯವರಿಗೆಲ್ಲ ಬಿಡಿಸಿ ಹೇಳ್ತಾಳೆ. ಕ್ಲಾಟ್‌ನ ಕಾನೂನು ವಿಭಾಗ ಈಗ ಕೇಳೋದು ಹೆಚ್ಚುಕಮ್ಮಿ ಇದನ್ನೇ: ಒಂದು ಪ್ಯಾರಾ ಕೊಡ್ತೀವಿ, ನಿಯಮ ಅರ್ಥ ಮಾಡಿಕೋ, ಈ ಪ್ರಸಂಗಕ್ಕೆ ಹೊಂದಿಸಿ ಹೇಳು.

ಕಷ್ಟ ಇಲ್ಲ ಅಂತಲ್ಲ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಜೆಇಇ ಮೇನ್, ನೀಟ್ ಕನ್ನಡದಲ್ಲಿ ಬರೀಬಹುದು, ಕ್ಲಾಟ್‌ಗೆ ಆ ಭಾಗ್ಯವಿಲ್ಲ. ಅರ್ಜಿಗೇ 4,000 ರೂಪಾಯಿ. ಅಡಿಕೆ ತೋಟದವರಿಗೆ ಅದು ಲೆಕ್ಕಕ್ಕಿಲ್ಲ, ಅಡಿಕೆ ಸುಲಿಯೋರಿಗೆ ಎಷ್ಟೋ ದಿನದ ಕೂಲಿ. ಸೀಟು ಸಿಕ್ಕಮೇಲೆ ಫೀಸು ಲಕ್ಷಗಳಲ್ಲಿ. ನೆರವಿನ ವ್ಯವಸ್ಥೆ ಇದೆ, ಅದಕ್ಕೂ ಅರ್ಜಿ ಹಾಕಬೇಕು. ಜಗಳ ಆಡೋದಾದರೆ ಇವುಗಳ ಮೇಲೆ ಆಡಿ. ಹುಡುಗಿಯ ಎಪ್ಪತ್ತೊಂದರ ಮೇಲೆ ಯಾಕೆ?

‘ಹಾಗಾದ್ರೆ ಮೆರಿಟ್ ಕತೆ ಏನು ಗುರೂ?’ ಅಂತ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯ ಕೇಳಿದ. ಕಡಿಮೆ ಅಂಕಕ್ಕೆ ಈ ರಾಜ್ಯದಲ್ಲಿ ಬಾಗಿಲು ಯಾವತ್ತು ಮುಚ್ಚಿತ್ತು ಸ್ವಾಮಿ? ಮ್ಯಾನೇಜ್‌ಮೆಂಟ್ ಕೋಟಾ ಅಂತ ಬೋರ್ಡೇ ಇದೆಯಲ್ಲ. 1951ರಲ್ಲಿ ಶುರುವಾದ ದಾವಣಗೆರೆಯ ಯುಬಿಡಿಟಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಅಲ್ಲೇ ಅರ್ಧ ಸೀಟನ್ನು ಪೇಮೆಂಟ್ ಕೋಟಾ ಮಾಡಿದ್ದರ ವಿರುದ್ಧ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು. ದುಡ್ಡು ಕೊಟ್ಟು ಬಂದ ಕಡಿಮೆ ಅಂಕಕ್ಕೆ ಮೆರಿಟ್ಟಿನ ಪ್ರಶ್ನೆ ಕೇಳೋರಿಲ್ಲ. ಬರಿಗೈಲಿ ಬಂದ ಕಡಿಮೆ ಅಂಕಕ್ಕೆ ಮಾತ್ರ ಪಂಚಾಯಿತಿ.

ಇದರಲ್ಲಿ ನಮ್ಮ ಪಾಲೂ ಇದೆ, ಐಟಿ ಪಾರ್ಕಿನಲ್ಲಿ ಕೂತಿರೋ ನಮ್ಮದು. ಕ್ಯಾಂಪಸ್ ನೇಮಕಾತಿಗೆ ಹೋಗೋ ಎಷ್ಟೋ ಕಂಪನಿಗಳ ಮೊದಲ ಸಾಲೇ ‘60 ಪರ್ಸೆಂಟ್ ಥ್ರೂಔಟ್’. ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ, ಮೂರರಲ್ಲೂ. ಹದಿನೈದನೇ ವಯಸ್ಸಿನಲ್ಲಿ, ಅಪ್ಪನಿಗೆ ಹುಷಾರಿಲ್ಲದ ವರ್ಷ ತೆಗೆದ 58ನ್ನು ಇಪ್ಪತ್ತೆರಡರಲ್ಲೂ ಹೊತ್ತು ತಿರುಗಬೇಕು. ಕೋಡ್ ಬರೆಯೋಕೆ ಬರುತ್ತಾ ಅಂತ ಕೇಳೋ ಮೊದಲೇ ಸಾಫ್ಟ್‌ವೇರ್ ಅವನ ಹೆಸರನ್ನು ಉದುರಿಸಿರುತ್ತೆ. ಆ ಶರತ್ತು ಬರೆಯೋ ಮೀಟಿಂಗಿನಲ್ಲಿ ನಿಮ್ಮಲ್ಲಿ ಕೆಲವರು ಕೂರ್ತೀರಿ. ಆ ಸಾಲು ಯಾಕಿದೆ ಅಂತ ಒಂದು ಸಲ ಕೇಳಿ ನೋಡಿ. ನಾನು ಕೇಳಿದಾಗ ಬಂದ ಉತ್ತರ, ‘ಮೊದಲಿಂದಲೂ ಇದೆ’.

ನಮ್ಮ ಹುಡುಗಿ ಅರ್ಜಿ ಹಾಕಿದಾಳೆ. ಫೀಸು ನಾವು ಮೂರು ಜನ ಸೇರಿ ಕಟ್ಟಿದೆವು, ಹಳೇ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿ ಕಳಿಸಿದ್ದೀವಿ, ಭಾನುವಾರ ಫೋನಿನಲ್ಲಿ ಇಂಗ್ಲಿಷ್ ಪ್ಯಾರಾ ಓದಿಸ್ತೀವಿ. ಸೀಟು ಸಿಗುತ್ತೋ ಇಲ್ವೋ, ಅದು ಕ್ಲಾಟ್ ಹೇಳಲಿ. ಅವಳ ಸೋದರಮಾವ ಸದ್ಯಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನೀವು ದಸರೆಗೆ ಊರಿಗೆ ಹೋದಾಗ ಪಿಯು ಓದೋ ಮಕ್ಕಳ ಹತ್ತಿರ ‘ಎಷ್ಟು ಮಾರ್ಕ್ಸು?’ ಅಂತ ಕೇಳ್ತೀರಲ್ಲ, ಈ ಸಲ ‘ಎಲ್ಲೆಲ್ಲಿ ಅರ್ಜಿ ಹಾಕಿದೀಯ?’ ಅಂತ ಕೇಳಿ. ಕ್ಲಾಟ್‌ನ ಗಡುವು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ ಮುಗಿಯುತ್ತೆ.