ಚಕ್ರ ಎಷ್ಟು ಸೆಕೆಂಡು ತಿರುಗಿತು?

ಉರಿಯುತ್ತಲೇ ಇರುವ ದೀಪ, ರೆಪ್ಪೆ ಬಡಿಯುವ ಗಿಣಿ, ಎಷ್ಟು ಅರಳಿದರೂ ಮುಗಿಯದ ಗುಲಾಬಿ. ಬೆಳಗಾದರೆ ಫೋನಿಗೆ ಬರುವ ಇಂಥ ಕುಣಿಯುವ ಚಿತ್ರಗಳಿಗೆಲ್ಲ ಹಿರಿಯಣ್ಣ ಜಿಫ್. 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಕಂಪನಿಯ ಸ್ಟೀವ್ ವಿಲ್‌ಹೈಟ್ ಮತ್ತು ಜೊತೆಗಾರರು ಇದನ್ನು ರೂಪಿಸಿದರು. ಒಂದೊಂದು ಚಿತ್ರ ಎಷ್ಟು ಹೊತ್ತು ನಿಲ್ಲಬೇಕೆಂದು ಬರೆದಿಡುವ ಅನುಕೂಲ 1989ರಲ್ಲಿ ಸೇರಿತು. ಸದ್ದು ಮಾತ್ರ ಇವತ್ತಿಗೂ ಇಲ್ಲ.

ಆರನೇ ತರಗತಿಯ ನನ್ನ ಮೊಮ್ಮಗಳು ಈಚೆಗೆ ಒಂದು ಜಿಫ್ ಮಾಡಿದಳು. ನಮ್ಮ ಕೆಜಿಎಫ್‌ನ ಗಣಿ ಬಾವಿಯ ಮೇಲಿನ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ತಿರುಗುವ ಚಕ್ರ. ಒಟ್ಟು 12 ಚಿತ್ರ. ಪಕ್ಕದ ಮನೆಯ ತಾತನಿಗೆ ತೋರಿಸುವ ಆಸೆ ಅವಳಿಗೆ. ಅವರು ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳಿದು ದುಡಿದವರು. ಆ ಚಕ್ರ ತಿರುಗಿದರೇನೇ ಅವರು ಮೇಲೆ ಬಂದು ಮನೆ ಸೇರುತ್ತಿದ್ದದ್ದು. ಈಗ ಕಣ್ಣು ಮಂಜು, ಫೋನಿನಷ್ಟು ಚಿಕ್ಕದು ಕಾಣದು. ಪೆನ್‌ಡ್ರೈವಿಗೆ ಹಾಕಿ ಅವರ ಟಿವಿಗೆ ಸಿಕ್ಕಿಸಿದರೆ, ಮೊದಲ ಚಿತ್ರ ಬಂದು ಸುಮ್ಮನೆ ನಿಂತಿತು.

“ನಿಂತೇಹೋಗಿದೆಯಲ್ಲ ಪಾಪು” ಅಂದರು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಂದಿನಿಂದ ನಿಂತ ಚಕ್ರವನ್ನೇ ನೋಡುತ್ತಿರುವ ಮನುಷ್ಯ. ಹುಡುಗಿಯ ಮುಖ ಸಪ್ಪಗಾಯಿತು.

ಎಷ್ಟೋ ಟಿವಿಗಳಿಗೆ ಜಿಫ್ ಅಂದರೆ ಬರೀ ಫೋಟೋ. ಅದನ್ನು ವಿಡಿಯೋ ಮಾಡಬೇಕು. ಅದಕ್ಕೆ ಮೊದಲು ಒಂದು ಸುತ್ತು ಎಷ್ಟು ಸೆಕೆಂಡು ಎಂದು ಗೊತ್ತಿರಬೇಕು; ಒಂದೇ ಸುತ್ತನ್ನು ವಿಡಿಯೋ ಮಾಡಿದರೆ ತಾತ ಕನ್ನಡಕ ಏರಿಸುವಷ್ಟರಲ್ಲಿ ಮುಗಿದಿರುತ್ತದೆ.

ತಮಾಷೆ ಏನೆಂದರೆ, ಒಟ್ಟು ಸಮಯ ಜಿಫ್‌ನೊಳಗೆ ಎಲ್ಲೂ ಬರೆದಿರುವುದಿಲ್ಲ. ಲೆಡ್ಜರಿನಲ್ಲಿ ಸಾಲುಸಾಲು ನಮೂದು, ಕೆಳಗೆ ಮೊತ್ತ ಇಲ್ಲ, ಹಾಗೆ. ಬ್ಯಾಂಕಿನಲ್ಲಿ ಕೂಡಿ ಕೂಡಿ ತಲೆ ನರೆತವನಿಗೆ ಇನ್ನೇನು ಬೇಕು! ಪ್ರತಿ ಚಿತ್ರದ ಹೊತ್ತನ್ನು ಸೆಕೆಂಡಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ ಬರೆಯುತ್ತಾರೆ. ಮೊಮ್ಮಗಳು 11 ಚಿತ್ರಕ್ಕೆ ತಲಾ 8 ಕೊಟ್ಟಿದ್ದಳು. ಕೊನೆಯದರಲ್ಲಿ ಕೇಜು ಮೇಲೆ ಬಂದು ನಿಲ್ಲುತ್ತದೆ, ಅದಕ್ಕೆ 100. ಎಂಬತ್ತೆಂಟಕ್ಕೆ ನೂರು ಸೇರಿದರೆ 188, ಅಂದರೆ 1.88 ಸೆಕೆಂಡು. ಎಂಟು ಸುತ್ತಿಗೆ 15.04.

ಬೇರೆಯವರು ಮಾಡಿದ ಜಿಫ್ ಆದರೆ? ಗಡಿಯಾರ ಹಿಡಿದು ಹತ್ತು ಸುತ್ತು ಎಣಿಸಿ, ಹತ್ತರಿಂದ ಭಾಗಿಸಿ. ಡಾಕ್ಟರು ನಾಡಿ ನೋಡುವ ಹಾಗೆ. ಕೆಲವರು ಹೊತ್ತಿನ ಜಾಗದಲ್ಲಿ ಸೊನ್ನೆ ಬರೆದಿರುತ್ತಾರೆ. ಸಾಮಾನ್ಯವಾಗಿ ಬ್ರೌಸರುಗಳು ಅದನ್ನು 10 ಎಂದುಕೊಂಡು ಓಡಿಸುತ್ತವೆ. ಅಂಥದಕ್ಕೆ ಕೂಡುವ ಲೆಕ್ಕಕ್ಕಿಂತ ಗಡಿಯಾರವೇ ವಾಸಿ.

ಬಂಗಾರಪೇಟೆಯಿಂದ ಅವಳ ಸೋದರಮಾವ ಲ್ಯಾಪ್‌ಟಾಪ್ ತಂದ. ಎಫ್‌ಎಫ್‌ಎಂಪೆಗ್ ಎಂಬ ಪುಕ್ಕಟೆ ಪ್ರೋಗ್ರಾಮಿನಲ್ಲಿ ಎಂಪಿ4 ವಿಡಿಯೋ ಮಾಡಿದ. ಎಂಟು ಸುತ್ತು ಬೇಕೆಂದರೆ ಅದಕ್ಕೆ 7 ಎಂದು ಹೇಳಬೇಕಂತೆ: ಮೊದಲನೆಯದು ಹೇಗೂ ಇದೆ, ಅದರ ಮೇಲೆ ಇನ್ನೇಳು. ಚಿತ್ರದ ಅಗಲ, ಎತ್ತರ ಎರಡೂ ಸಮಸಂಖ್ಯೆಯಾಗಿದ್ದರೆ ತಕರಾರಿಲ್ಲ. ಆನ್‌ಲೈನ್‌ನಲ್ಲೂ ಮಾಡಿಕೊಡುವವರು ಇದ್ದಾರೆ. ಆದರೆ ಮನೆಮಂದಿಯ ಮುಖವಿರುವ ಚಿತ್ರವನ್ನು ಗುರುತಿಲ್ಲದವರ ಕೈಗೆ ಯಾಕೆ ಕೊಡಬೇಕು?

ಸಂಜೆ ಟಿವಿಯಲ್ಲಿ ಚಕ್ರ ತಿರುಗಿತು. ತಾತ ಎಂಟು ಸುತ್ತೂ ಮಾತಾಡಲಿಲ್ಲ. ಆಮೇಲೆ, “ಅದಿರು ಎತ್ತೋವಾಗ ಈ ಸ್ಪೀಡು ಸರಿ. ಆಳು ಏರೋವಾಗ ನಿಧಾನ ಬಿಡ್ತಿದ್ರು” ಅಂದರು.

ಈಗ ಮೊಮ್ಮಗಳು ಎಂಟನ್ನೆಲ್ಲ ಹದಿನಾರು ಮಾಡುತ್ತಿದ್ದಾಳೆ. ಕೊನೆಯ ನೂರು ಹಾಗೇ ಇದೆ. ಮಕ್ಕಳೇ, ಒಂದು ಸುತ್ತಿಗೆ ಈಗ ಎಷ್ಟು ಸೆಕೆಂಡಾಯಿತು?